ಬಿಲ್ಡರ್ ತಡ ಮಾಡಿದರೆ ಎರಡು ಪಟ್ಟು ನೋಂದಣಿ ಶುಲ್ಕ ನಮಗೇಕೆ?

ಮಾನ್ಯ ಸಂಪಾದಕರೇ,

ನಾನು ಬೆಂಗಳೂರಿನ ಒಂದು ಶಾಲೆಯಲ್ಲಿ ಟೀಚರ್. ನಮ್ಮ ಯಜಮಾನರು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ. 2022ರ ಏಪ್ರಿಲ್‌ನಲ್ಲಿ ಹೊಸಕೋಟೆ ಕಡೆ ಕಟ್ಟುತ್ತಿದ್ದ ಅಪಾರ್ಟ್‌ಮೆಂಟ್ ಒಂದರಲ್ಲಿ ಫ್ಲ್ಯಾಟ್ ಬುಕ್ ಮಾಡಿದೆವು. ಬೆಲೆ 68 ಲಕ್ಷ. ಅಗ್ರಿಮೆಂಟ್ ನೋಂದಣಿ ಆಗಿದೆ. 2024ರ ಡಿಸೆಂಬರ್‌ಗೆ ಮನೆ ಕೊಡುವುದಾಗಿ ಅದರಲ್ಲಿ ಬರೆದಿದೆ. ಇವತ್ತಿಗೂ ಕೀ ಕೈಗೆ ಬಂದಿಲ್ಲ. ಈಗ ಇನ್ನೆರಡು ತಿಂಗಳಲ್ಲಿ ಕ್ರಯಪತ್ರದ ನೋಂದಣಿಗೆ ದುಡ್ಡು ಸಿದ್ಧ ಮಾಡಿಕೊಳ್ಳಿ ಎಂದು ಬಿಲ್ಡರ್ ಕಡೆಯಿಂದ ಮೇಲ್ ಬಂದಿದೆ.

ಮೂರು ವರ್ಷದ ಹಿಂದೆ ಆಗಿದ್ದರೆ ಆ ಮೇಲ್ ನೋಡಿ ಸಿಹಿ ಹಂಚುತ್ತಿದ್ದೆವು. ಈಗ ರಾತ್ರಿ ಮಕ್ಕಳು ಮಲಗಿದ ಮೇಲೆ ಇಬ್ಬರೂ ಕೂತು ಲೆಕ್ಕ ಹಾಕುತ್ತೇವೆ. ಎಷ್ಟು ಸಲ ಹಾಕಿದರೂ ಕೂಡುತ್ತಿಲ್ಲ.

ನಾವು 50 ಲಕ್ಷ ಸಾಲ ಮಾಡಿದಾಗ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, ಶೇ 4 ಇತ್ತು. ಮರುತಿಂಗಳಿಂದಲೇ ಏರತೊಡಗಿ 2023ರ ಫೆಬ್ರುವರಿಗೆ ಶೇ 6.5 ಆಯಿತು. ತಿಂಗಳಿಗೆ 38 ಸಾವಿರ ಎಂದುಕೊಂಡಿದ್ದ ಕಂತು 46 ಸಾವಿರದ ಹತ್ತಿರ ಹೋಯಿತು. 2025ರಲ್ಲಿ ನಾಲ್ಕು ಸಲ ಇಳಿದು ಶೇ 5.25ಕ್ಕೆ ಬಂದಿದೆ, ನಿಜ. ಆದರೆ ಅಷ್ಟರಲ್ಲಿ ಭಯ ಬಡ್ಡಿಯದ್ದಲ್ಲ, ಕೆಲಸದ್ದೇ ಆಗಿಬಿಟ್ಟಿದೆ. ಆ ವರ್ಷದ ಜುಲೈನಲ್ಲಿ ಟಿಸಿಎಸ್‌ನಂಥ ಕಂಪನಿಯೇ ಸುಮಾರು 12 ಸಾವಿರ ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಯಜಮಾನರು ಇರುವುದು ಬೇರೆ ಕಂಪನಿ. ಆದರೆ ಅವರ ಟೀಮಿನಲ್ಲೂ ನಾಲ್ವರು ಹೋದರು. ಯಜಮಾನರಿಗೆ ಈಗ 46 ವರ್ಷ. ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ಲಾಗಿನ್ ಆಗುವ ತನಕ ಅವರು ಕಾಫಿ ಮುಟ್ಟುವುದಿಲ್ಲ.

ಹಾಗಾದರೆ ಫ್ಲ್ಯಾಟ್ ಬಿಟ್ಟುಬಿಡಿ ಎನ್ನುವವರಿದ್ದಾರೆ. ಬಿಲ್ಡರ್ ತಡ ಮಾಡಿದ್ದರೆ ಕೊಟ್ಟ ದುಡ್ಡನ್ನು ಬಡ್ಡಿ ಸಮೇತ ವಾಪಸ್ ಕೇಳಬಹುದು, ಮನೆ ಕೊಳ್ಳುವವರ ರಕ್ಷಣೆಗೆ ಇರುವ ರೇರಾ ಕಾಯ್ದೆಯ 18ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಮನೆ ಬೇಕು ಎಂದರೆ ತಡವಾದ ಪ್ರತಿ ತಿಂಗಳಿಗೂ ಬಿಲ್ಡರ್ ನಮಗೆ ಬಡ್ಡಿ ಕೊಡಬೇಕು. ಒಳ್ಳೆಯ ಕಾನೂನು. ಆದರೆ ರೇರಾ ಪ್ರಾಧಿಕಾರದ ಆದೇಶ ಬಂದರೂ ಬಿಲ್ಡರ್ ಕೊಡದಿದ್ದರೆ ಜಿಲ್ಲಾಧಿಕಾರಿಗಳು ಅದನ್ನು ಭೂಕಂದಾಯ ಬಾಕಿಯ ಹಾಗೆ ವಸೂಲಿ ಮಾಡಿಕೊಡಬೇಕು. ನಮ್ಮ ರಾಜ್ಯದಲ್ಲಿ ಹಾಗೆ ವಸೂಲಿ ಆಗದೆ ಉಳಿದಿರುವುದು ನೂರಾರು ಕೋಟಿ. ಅದು ಬರುವ ತನಕ ಬ್ಯಾಂಕ್ ಕಾಯುತ್ತದಾ?

ನಾನು ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ನೋಂದಣಿ ಶುಲ್ಕದ ಬಗ್ಗೆ. 2025ರ ಆಗಸ್ಟ್ 31ರಿಂದ ಸರ್ಕಾರ ಅದನ್ನು ಶೇ 1ರಿಂದ ಶೇ 2ಕ್ಕೆ ಏರಿಸಿತು. ಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲಿ ಕಡಿಮೆ ಇತ್ತು ಎಂದು ಕಾರಣ ಕೊಟ್ಟಿತು. ಇರಬಹುದು, ಹೊಸದಾಗಿ ಕೊಳ್ಳುವವರು ಲೆಕ್ಕ ಹಾಕಿಕೊಂಡೇ ಬರುತ್ತಾರೆ. ನಮ್ಮಂಥವರ ಕಥೆ ಬೇರೆ. ಬಿಲ್ಡರ್ ಹೇಳಿದ ದಿನಕ್ಕೆ ಮನೆ ಕೊಟ್ಟಿದ್ದರೆ ನಾವು ಕಟ್ಟಬೇಕಿದ್ದದ್ದು 68 ಸಾವಿರ. ಈಗ 1 ಲಕ್ಷದ 36 ಸಾವಿರ. ಇದರ ಜೊತೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಎಲ್ಲ ಸೇರಿ ಶೇ 7.6ರಷ್ಟು, ಅಂದರೆ 5 ಲಕ್ಷ ದಾಟುತ್ತದೆ. ಕಂತು ಕಂತಿಗೂ ಕಟ್ಟಿದ ಶೇ 5ರ ಜಿಎಸ್‌ಟಿ ಬೇರೆ.

ಈ 5 ಲಕ್ಷಕ್ಕೆ ಬ್ಯಾಂಕಿನ ಗೃಹಸಾಲ ಸಿಗುವುದಿಲ್ಲ. ಮನೆಯ ಬೆಲೆಯಲ್ಲಿ ಮುದ್ರಾಂಕ, ನೋಂದಣಿ ಖರ್ಚು ಸೇರಿಸಬಾರದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅಷ್ಟನ್ನೂ ಕೈಯಿಂದಲೇ ಹಾಕಬೇಕು. ನಮ್ಮ ಕೈಯಲ್ಲಿರುವ ದುಡ್ಡು ಯಾವುದು? ನಾವೀಗ ಇರುವ ಭೋಗ್ಯದ ಮನೆಗೆ ಕೊಟ್ಟ 10 ಲಕ್ಷ. ಮನೆ ಖಾಲಿ ಮಾಡಿದರೆ ತಾನೇ ಓನರ್ ಅದನ್ನು ವಾಪಸ್ ಕೊಡುವುದು? ಹೊಸ ಮನೆ ಸಿಕ್ಕರೆ ತಾನೇ ಖಾಲಿ ಮಾಡುವುದು? ನೋಂದಣಿ ಆದರೆ ತಾನೇ ಹೊಸ ಮನೆ ಸಿಗುವುದು? ಇದರ ನಡುವೆ ಕೆಲಸವೇ ಹೋದರೆ ಏನು ಮಾಡುವುದು ಎಂದು ಯೋಚಿಸಿ, ಅಮ್ಮ ಕೊಟ್ಟ ಬಳೆಗಳನ್ನು ಬೀರುವಿನಿಂದ ತೆಗೆದು ತೂಕ ಮಾಡಿಸಿಕೊಂಡು ಬಂದಿದ್ದೇನೆ.

ಸರ್ಕಾರಕ್ಕೆ ನನ್ನ ಕೋರಿಕೆ ಇಷ್ಟೇ. 2025ರ ಆಗಸ್ಟ್ 31ಕ್ಕಿಂತ ಮುಂಚೆ ಅಗ್ರಿಮೆಂಟ್ ನೋಂದಣಿ ಆಗಿದ್ದು, ಅದರಲ್ಲಿ ಬರೆದ ಹಸ್ತಾಂತರದ ದಿನವೂ ಅದಕ್ಕೂ ಮುಂಚೆಯೇ ಇದ್ದರೆ, ಅಂಥವರಿಂದ ಹಳೆಯ ಶೇ 1ನ್ನೇ ತೆಗೆದುಕೊಳ್ಳಲಿ. ಎರಡು ದಿನಾಂಕವೂ ಅಗ್ರಿಮೆಂಟಿನಲ್ಲೇ ಇವೆ, ಅಗ್ರಿಮೆಂಟ್ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಇದೆ. ಬೇರೆ ಯಾವ ತನಿಖೆಯೂ ಬೇಕಿಲ್ಲ. ಬೊಕ್ಕಸಕ್ಕೆ ನಷ್ಟ ಎನ್ನುವುದಾದರೆ ಆ ಇನ್ನೊಂದು ಪರ್ಸೆಂಟನ್ನು ತಡ ಮಾಡಿದ ಬಿಲ್ಡರ್‌ನಿಂದ ವಸೂಲಿ ಮಾಡಲಿ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ನೂರಕ್ಕೂ ಜಾಸ್ತಿ ಕುಟುಂಬಗಳು ಇದೇ ಸ್ಥಿತಿಯಲ್ಲಿವೆ.

ನಮ್ಮ ಭೋಗ್ಯದ ಕರಾರು ಬರುವ ತಿಂಗಳು ಮುಗಿಯುತ್ತದೆ. ಮುಂದುವರಿಸುತ್ತೀರಾ, ಬಿಡುತ್ತೀರಾ ಎಂದು ಓನರ್ ಆಂಟಿ ಎರಡು ಸಲ ಕೇಳಿದ್ದಾರೆ. ಇನ್ನೂ ಉತ್ತರ ಹೇಳಲು ಆಗಿಲ್ಲ.

ಇತಿ,
ಒಬ್ಬ ಶಿಕ್ಷಕಿ
ಬೆಂಗಳೂರು