ಬೈನಾಕ್ಯುಲರ್ ಇರಲಿ, ಮೊದಲು ಕೂರುವುದನ್ನು ಕಲಿ

ಪ್ರೀತಿಯ ಗೆಳೆಯಾ,

ಹಕ್ಕಿ ನೋಡೋಕೆ ಯಾವ ಬೈನಾಕ್ಯುಲರ್ ಕೊಳ್ಳಲಿ ಅಂತ ಕೇಳಿದ್ದೀಯ. 8×42 ತಗೋ, ಸಾಕು. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 10×50 ಕೊಂಡರೆ ಇನ್ನೂ ಹತ್ತಿರ ಕಾಣುವುದೇನೋ ನಿಜ. ಆದರೆ ಕೈನಡುಕವೂ ಇನ್ನಷ್ಟು ಎದ್ದು ಕಾಣುತ್ತದೆ, ಕುತ್ತಿಗೆಗೆ ಭಾರ ಬೇರೆ. ನೋಟದ ಹರವು ಕಿರಿದಾಗಿ, ಎಲೆಗಳ ನಡುವೆ ಹಕ್ಕಿ ಎಲ್ಲಿದೆ ಅಂತ ತಡಕಾಡುವಷ್ಟರಲ್ಲಿ ಅದು ಜಾಗ ಖಾಲಿ ಮಾಡಿರುತ್ತದೆ.

ಕೊಂಡ ದಿನವೇ ಅದನ್ನು ನಿನ್ನ ಕಣ್ಣಿಗೆ ಹೊಂದಿಸಿಕೋ. ಎರಡು ವೃತ್ತ ಸೇರಿ ಒಂದಾಗುವವರೆಗೆ ನಡುವಿನ ಕೀಲನ್ನು ಮಡಿಸು. ಬಲಗಡೆಯ ಗಾಜನ್ನು ಕೈಯಿಂದ ಮುಚ್ಚಿ, ದೂರದ ಒಂದು ಕೊಂಬೆಯನ್ನು ಎಡಗಣ್ಣಿಂದ ನೋಡುತ್ತಾ ನಡುಚಕ್ರ ತಿರುಗಿಸಿ ಸ್ಪಷ್ಟ ಮಾಡಿಕೋ. ಆಮೇಲೆ ಎಡಗಡೆ ಮುಚ್ಚಿ, ನಡುಚಕ್ರ ಮುಟ್ಟದೆ, ಬಲಗಣ್ಣಿನ ಹತ್ತಿರವಿರುವ ಬಳೆಯನ್ನಷ್ಟೇ ತಿರುಗಿಸಿ ಅದೇ ಕೊಂಬೆ ನೋಡು. ಇದನ್ನು ಮಾಡದವರೇ ಅರ್ಧ ಗಂಟೆಗೆ ತಲೆನೋವು ಅಂತ ಬೈನಾಕ್ಯುಲರನ್ನು ಬೀರುವಿಗೆ ಸೇರಿಸುವುದು. ಕನ್ನಡಕ ಹಾಕುವವನಾದ್ದರಿಂದ ಕಣ್ಣಿನ ಕಡೆಯ ರಬ್ಬರನ್ನು ಒಳಕ್ಕೆ ತಿರುಗಿಸಿಡು. ಹಕ್ಕಿ ಕಂಡಾಗ ಅದರ ಮೇಲಿನ ದೃಷ್ಟಿ ತೆಗೆಯಬೇಡ, ಬೈನಾಕ್ಯುಲರನ್ನೇ ಕಣ್ಣಿಗೆ ಏರಿಸು. ಸೂರ್ಯನ ಕಡೆಗಂತೂ ಅಪ್ಪಿತಪ್ಪಿಯೂ ತಿರುಗಿಸಬೇಡ.

ಇನ್ನು ಮುಖ್ಯ ಮಾತು. ಊರೂರು ಸುತ್ತಿ ಹೆಸರಿನ ಪಟ್ಟಿ ಬೆಳೆಸುವುದಕ್ಕಿಂತ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗು. ಒಂದು ಕೆರೆಯಂಚು, ನಾಲ್ಕು ಮರ, ಒಂದಿಷ್ಟು ಪೊದೆ ಇದ್ದರೆ ಆಯಿತು. ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ ಬಲು ಒಳ್ಳೆಯ ಹೊತ್ತು. ರಾತ್ರಿಯೆಲ್ಲ ಉಪವಾಸವಿದ್ದ ಹಕ್ಕಿಗಳು ಆಗ ಹೊಟ್ಟೆಪಾಡಿಗೆ ಇಳಿದಿರುತ್ತವೆ. ಬಿಸಿಲು ಬೆನ್ನಿಗಿರಲಿ, ಇಲ್ಲದಿದ್ದರೆ ಎದುರಿಗಿರುವುದೆಲ್ಲ ಕರೀ ನೆರಳು. ಮರದ ಬೊಡ್ಡೆಗೆ ಒರಗಿ ಕೂತುಬಿಡು. ಮೊದಲ ಹತ್ತು ಹದಿನೈದು ನಿಮಿಷ ಏನೂ ಕಾಣದು. ಹೊಸಬರಿಗೆ ‘ಇಲ್ಲೇನೂ ಇಲ್ಲ’ ಅನ್ನಿಸಿ ಎದ್ದುಹೋಗುವುದೂ ಆಗಲೇ. ಅಲ್ಲಿ ಎಲ್ಲವೂ ಇರುತ್ತವೆ, ನೀನು ಬಂದ ಸದ್ದಿಗೆ ಉಸಿರು ಬಿಗಿಹಿಡಿದಿರುತ್ತವೆ ಅಷ್ಟೇ.

ಬಣ್ಣ ನಂಬಿ ಮೋಸ ಹೋಗಬೇಡ. ಕೂತಾಗ ಮಣ್ಣಿನ ಬಣ್ಣದ ಕೊಳದ ಬಕ ಹಾರಿದೊಡನೆ ಅಚ್ಚ ಬಿಳಿ ರೆಕ್ಕೆ ತೋರಿಸುತ್ತದೆ. ಗಂಡು ಕೋಗಿಲೆ ಕಪ್ಪು, ಹೆಣ್ಣಿಗೆ ಕಂದು ಮೈ ತುಂಬ ಬಿಳಿ ಚುಕ್ಕೆ. ಮೊದಲು ಗಾತ್ರ ಅಳೆ: ಗುಬ್ಬಿಯಷ್ಟೋ, ಗೊರವಂಕದಷ್ಟೋ, ಕಾಗೆಯಷ್ಟೋ. ಆಮೇಲೆ ಕೊಕ್ಕು, ಬಾಲ, ಕಾಲು, ನಡಿಗೆ. ಬಣ್ಣ ಕೊನೆಗೆ.

ಬೆಳ್ಳಕ್ಕಿಗಳನ್ನೇ ತಗೋ. ‘ಬಿಳೀ ಕೊಕ್ಕರೆ’ ಅಂತ ಎಲ್ಲರೂ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಕೊಕ್ಕು ಹಳದಿ, ಕತ್ತು ಗಿಡ್ಡ, ದನಗಳ ಕಾಲಡಿಯಲ್ಲೇ ಓಡಾಟ ಅಂದರೆ ಅದು ಗೋವಕ್ಕಿ. ಮೇಯುವ ದನಗಳ ಗೊರಸಿಗೆ ಎದ್ದ ಮಿಡತೆಗಳೇ ಅದರ ಊಟ. ಕೊಕ್ಕು ಕಪ್ಪು, ಕಾಲೂ ಕಪ್ಪು, ಆದರೆ ಬೆರಳು ಮಾತ್ರ ಹಳದಿ ಕಾಲ್ಚೀಲ ತೊಟ್ಟಂತೆ ಇದ್ದರೆ ಅದು ಸಣ್ಣ ಬೆಳ್ಳಕ್ಕಿ. ಇದನ್ನು ಗುರುತಿಸಿದ ಮೇಲೆ ಮುಂದಕ್ಕೆ ಹೋಗಬೇಡ, ಅಲ್ಲೇ ನಿಲ್ಲು. ತೆಳುನೀರಿನಲ್ಲಿ ಒಂದು ಕಾಲು ಮುಂದಿಟ್ಟು, ಆ ಹಳದಿ ಬೆರಳುಗಳನ್ನು ಕೆಸರಿನ ಮೇಲೆ ಗಡಗಡ ನಡುಗಿಸುತ್ತದೆ. ಗಾಬರಿಬಿದ್ದ ಮೀನುಮರಿ ಚಿಮ್ಮಿದ್ದೇ ತಡ, ಕೊಕ್ಕು ಇಳಿದಿರುತ್ತದೆ. ಹೆಸರು ಹಚ್ಚುವುದು ಅರ್ಧ ನಿಮಿಷದ ಕೆಲಸ. ಈ ಕಾಲಾಟ ನೋಡುತ್ತಾ ಕೂತರೆ ಗಂಟೆ ಹೋದದ್ದೇ ತಿಳಿಯದು.

ಕಿವಿಯೂ ತೆರೆದಿರಲಿ. ಅಳಿಲು ಬಾಲ ಕುಣಿಸುತ್ತಾ ಒಂದೇ ಸಮನೆ ಚೀರುತ್ತಿದ್ದರೆ, ಹರಟೆಮಲ್ಲಗಳು, ಪಿಕಳಾರಗಳು ಒಂದೇ ಪೊದೆಯ ಸುತ್ತ ಸೇರಿ ಬೈದಾಡುತ್ತಿದ್ದರೆ, ಅಲ್ಲಿ ಹಾವೋ ಬೆಕ್ಕೋ ಹಗಲು ನಿದ್ದೆಯ ಗೂಬೆಯೋ ಇದೆ ಅಂತಲೇ ತಿಳಿ. ಅವು ಯಾವ ಕಡೆ ಮುಖ ಮಾಡಿವೆ ನೋಡಿದರೆ ಆಸಾಮಿ ಎಲ್ಲಿದ್ದಾನೆ ಅಂತ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಕಾಜಾಣ ಬಿಜ್ಜು ಎಂಬ ಸಣ್ಣ ಬೇಟೆಹಕ್ಕಿಯ ದನಿಯನ್ನು ಥೇಟ್ ಅಣಕಿಸುತ್ತದೆ, ಮೇಲೆ ನೋಡಿ ಮೂರ್ಖನಾದರೆ ಬೇಜಾರಾಗಬೇಡ.

ಗೂಬೆ ಕೂರುವ ಮರದಡಿ ಬೂದುಬಣ್ಣದ ಉಂಡೆಗಳು ಬಿದ್ದಿದ್ದರೆ ಹಿಕ್ಕೆ ಅಂದುಕೊಳ್ಳಬೇಡ. ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು ಮೂಳೆಗಳನ್ನು ಗೂಬೆ ಬಾಯಿಂದಲೇ ಉಗುಳಿದ್ದು. ಕೈಗವಸು ಹಾಕಿ ಎತ್ತಿ, ಬೆಚ್ಚನೆ ನೀರಲ್ಲಿ ನೆನೆಸಿ, ಚಿಮಟದಿಂದ ಬಿಡಿಸು. ಇಲಿಯ ಪುಟ್ಟ ಬುರುಡೆ, ಹಲ್ಲಿನ ಸಮೇತ ಸಿಗುತ್ತದೆ.

ಜೇಬಿನಲ್ಲಿ ನೋಟ್‌ಪುಸ್ತಕವಿರಲಿ. ದಿನಾಂಕ, ಶುರುಮಾಡಿದ ಮತ್ತು ಮುಗಿಸಿದ ಹೊತ್ತು, ಮೋಡವೋ ಗಾಳಿಯೋ, ಎಷ್ಟು ಹಕ್ಕಿ, ಏನು ಮಾಡುತ್ತಿದ್ದವು. ಮೈಗೊಂದು ಮೊಟ್ಟೆ, ತಲೆಗೊಂದು ಸೊನ್ನೆ ಬರೆದು, ಎಲ್ಲಿ ಯಾವ ಪಟ್ಟೆ ಅಂತ ಬಾಣ ಎಳೆದರೆ ಚಿತ್ರವಾಯಿತು. ಹಕ್ಕಿ ಎದುರಿಗಿರುವಾಗ ಹಕ್ಕಿ ಗುರುತಿಸುವ ಚಿತ್ರಪುಸ್ತಕ ತೆರೆಯಬೇಡ. ಪುಸ್ತಕ ಎಲ್ಲಿಗೂ ಹಾರಿಹೋಗುವುದಿಲ್ಲ. ಬರೆದಿಟ್ಟದ್ದನ್ನು ಇಬರ್ಡ್ ಎಂಬ ಹಕ್ಕಿ ಲೆಕ್ಕದ ಜಾಲತಾಣಕ್ಕೆ ಸೇರಿಸಿದರೆ ಬೇರೆಯವರಿಗೂ ಉಪಯೋಗ. 2002ರಲ್ಲಿ ಶುರುವಾದದ್ದು ಅದು, ಜಗತ್ತಿನಾದ್ಯಂತ ಜನ ಲೆಕ್ಕ ಕೊಡುತ್ತಾರೆ.

ಮನೆಗೇ ಕರೆಯಬೇಕೆಂದರೆ ಕಾಳಿಗಿಂತ ನೀರು ಇಡು, ಬ್ರೆಡ್ಡಂತೂ ಬೇಡ. ಒರಟು ಮಣ್ಣಿನ ತಟ್ಟೆ, ನೀರು ಎರಡು ಬೆರಳು ಆಳ, ನಡುವೆ ಒಂದು ಕಲ್ಲು. ಹೆಚ್ಚು ಆಳವಾದರೆ ಸಣ್ಣ ಹಕ್ಕಿ ಇಳಿಯುವುದಿಲ್ಲ. ಪೊದೆಯಿಂದ ಎರಡು ಮೀಟರ್ ದೂರವಿಡು, ಇಲ್ಲದಿದ್ದರೆ ಬೆಕ್ಕಿಗೆ ಅನುಕೂಲ. ನೀರು ದಿನಾ ಚೆಲ್ಲಿ, ತಟ್ಟೆ ಉಜ್ಜಿ ತೊಳೆ; ಬಿಟ್ಟರೆ ಪಾಚಿ, ಸೊಳ್ಳೆ, ರೋಗ.

ಗೂಡು ಕಂಡರೆ ಹಿಂದೆ ಸರಿ. ಫೋಟೋಕ್ಕೆ ಅಡ್ಡವೆಂದು ಎಲೆ ಕಿತ್ತರೆ ಮರಿಗಳು ಬಿಸಿಲಿಗೆ ಬೇಯುತ್ತವೆ, ಕಾಗೆಗೂ ದಾರಿ ತೋರಿದಂತೆ. ಪುಕ್ಕ ಬಂದು ಕುಪ್ಪಳಿಸುವ ಮರಿ ನೆಲದಲ್ಲಿದ್ದರೆ ಮನೆಗೆ ತರಬೇಡ. ತಾಯಿ ತಂದೆ ಹತ್ತಿರದಲ್ಲೇ ಗುಟುಕು ಹಿಡಿದು ಕಾದಿರುತ್ತವೆ. ಬೆಕ್ಕಿನ ಕಾಟವಿದ್ದರೆ ಪಕ್ಕದ ಪೊದೆಗೆ ಎತ್ತಿಡು, ಸಾಕು. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಬರೀ ಮಾತು.

ಮುಂದಿನ ಪತ್ರದಲ್ಲಿ ಎಷ್ಟು ಜಾತಿ ಕಂಡೆ ಅಂತ ಬರೆಯಬೇಡ. ನಿನ್ನ ಕೆರೆಯ ಬೆಳ್ಳಕ್ಕಿಯ ಬೆರಳು ಯಾವ ಬಣ್ಣ, ಯಾವ ಕಾಲು ನಡುಗಿಸಿತು, ಅದನ್ನು ಬರೆ.

ಇಂತಿ ನಿನ್ನ ಗೆಳೆಯ