ಅವಳಿ ಕೂಸುಗಳ ಹೆಸರು: ಎಲ್ಲರೂ ಒಮ್ಮೆ ಓದಿ

ನಿನ್ನೆಯಿಂದ ಗುಂಪಿಗೆ ನಲವತ್ತಕ್ಕೂ ಜಾಸ್ತಿ ಹೆಸರು ಬಂದಿವೆ, ಎಲ್ಲಾ ಪ್ರಾಸದ ಜೋಡಿಗಳೇ. ಸ್ವಲ್ಪ ನಿಲ್ಲಿಸಿ.

ಹೆಸರು ಹೊಂದಲೇಬೇಕು ಅಂತ ಯಾರು ಹೇಳಿದರು? ಲವ ಕುಶ ಅವಳಿಗಳೇ, ನಕುಲ ಸಹದೇವರೂ ಅವಳಿಗಳೇ, ಅಲ್ಲೆಲ್ಲಿದೆ ಪ್ರಾಸ? ನಾನೂ ತಂಗಿಯೂ ಅವಳಿ ಅಲ್ವಾ, ಒಂದೇ ಅಕ್ಷರದ ವ್ಯತ್ಯಾಸ, ಅಜ್ಜಿ ಕೂಗಿದರೆ ಒಂದೋ ಇಬ್ಬರೂ ಓಡುತ್ತಿದ್ದೆವು, ಇಲ್ಲ ಇಬ್ಬರೂ ಅಲ್ಲಾಡುತ್ತಿರಲಿಲ್ಲ. ಅದು ಬಿಡಿ, ಹುಟ್ಟಿದ ತಾರೀಖು ಒಂದೇ, ಅಪ್ಪನ ಹೆಸರು ಒಂದೇ, ಇನಿಷಿಯಲ್ಲೂ ಒಂದೇ ಆಗಿ ಹೆಸರೂ ಹತ್ತಿರ ಹತ್ತಿರ ಇದ್ದರೆ ಶಾಲೆ, ಬ್ಯಾಂಕು ಎಲ್ಲಾ ಕಡೆ ಒಬ್ಬಳ ಕಾಗದ ಇನ್ನೊಬ್ಬಳಿಗೆ ಹೋಗುತ್ತದೆ. ನಾನು ಅನುಭವಿಸಿದ್ದೇನೆ.

ಅವಸರವೂ ಇಲ್ಲ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಅದು ಆಗಿದೆ. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.

ಭಾನುವಾರ ತೊಟ್ಟಿಲು ಕಾರ್ಯ, ದಾವಣಗೆರೆ ಮನೆಯಲ್ಲೇ. ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆ, ಹಾಗಾಗಿ ಅತ್ತೆ ಮಾತೇ ಕೊನೆ. ಶುಕ್ರವಾರ ರಾತ್ರಿಯೊಳಗೆ ಮನೆಗೆ ಎರಡೇ ಹೆಸರು, ನನಗೆ ಬೇರೆಯಾಗಿ ಕಳಿಸಿ, ಇಲ್ಲಿ ಹಾಕಬೇಡಿ. ದೊಡ್ಡಪ್ಪಾ, ನಿಮಗೂ ಎರಡೇ!