ಮುಖದ ಪುನರ್ರಚನೆ ಸೌಂದರ್ಯ ಚಿಕಿತ್ಸೆಯಲ್ಲ

ಮಾನ್ಯರೇ,

2021ರಲ್ಲಿ ಕೋವಿಡ್‌ನ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ಸೋಂಕಿನಿಂದ ಮೇಲ್ದವಡೆ ಹಾಗೂ ಕೆನ್ನೆಯ ಮೂಳೆ ಕಳೆದುಕೊಂಡವರಲ್ಲಿ ನನ್ನ ಅಣ್ಣನೂ ಒಬ್ಬರು. ಸೋಂಕು ಪೂರ್ತಿ ವಾಸಿಯಾದ ಮೇಲೆ ಇಂಥವರಿಗೆ ಅವರವರ ಮುಖಕ್ಕೇ ಹೊಂದುವ ಇಂಪ್ಲಾಂಟ್ (ಕಳೆದುಹೋದ ಮೂಳೆಯ ಜಾಗದಲ್ಲಿ ಕೂರಿಸುವ ಕೃತಕ ಭಾಗ) ತಯಾರಿಸಲು ಈಗ ಸಾಧ್ಯವಿದೆ. ಸಿ.ಟಿ. ಸ್ಕ್ಯಾನ್ ಚಿತ್ರದಲ್ಲಿ ಮುಖದ ಸರಿಯಿರುವ ಪಾರ್ಶ್ವವನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ, ಹಾಳಾದ ಪಾರ್ಶ್ವದ ಮೇಲೆ ಕೂರಿಸಿ, ಕೊರತೆ ಎಷ್ಟೆಂಬುದನ್ನು ಕಂಪ್ಯೂಟರ್‌ನಲ್ಲಿ ಅಳೆದು, ಅದೇ ಆಕಾರವನ್ನು ತ್ರೀಡಿ ಮುದ್ರಣದ ಮೂಲಕ ಟೈಟೇನಿಯಂನಲ್ಲಿ ಪಡೆಯುತ್ತಾರೆ. ಶಸ್ತ್ರಚಿಕಿತ್ಸೆಯ ನಡುವೆ ಸಿದ್ಧ ಲೋಹದ ಪ್ಲೇಟನ್ನು ಬಗ್ಗಿಸಿ ಹೊಂದಿಸುವ ಸಮಯವೂ ಉಳಿಯುತ್ತದೆ.

ಆದರೆ ನಮ್ಮ ವಿಮಾ ಕಂಪನಿಯು ಇದನ್ನು ‘ಸೌಂದರ್ಯ ಚಿಕಿತ್ಸೆ’ ಎಂದು ತಳ್ಳಿಹಾಕಿತು. ಆರೋಗ್ಯ ವಿಮೆಯ ಮಾದರಿ ಷರತ್ತಿನಲ್ಲಿ ಅಪಘಾತ, ಸುಟ್ಟಗಾಯ ಮತ್ತು ಕ್ಯಾನ್ಸರ್ ನಂತರದ ಪುನರ್ರಚನೆಯನ್ನು ಹೆಸರಿಸಿ ಅವಕಾಶ ಕೊಡಲಾಗಿದೆ. ಸೋಂಕಿನ ಹೆಸರು ಅಲ್ಲಿಲ್ಲ. ಕುಡಿದ ನೀರು ಮೂಗಿನಿಂದ ಹೊರಬರುವ, ಆಡಿದ ಮಾತು ಮನೆಯವರಿಗೂ ಅರ್ಥವಾಗದ ಮನುಷ್ಯನಿಗೆ ಬೇಕಿರುವುದು ಊಟ, ಮಾತು ಮತ್ತು ನಾಲ್ಕು ಜನರ ಮುಂದೆ ಮಾಸ್ಕ್ ತೆಗೆಯುವ ಧೈರ್ಯ. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ಸೋಂಕಿನಿಂದಾದ ಮೂಳೆ ನಷ್ಟವನ್ನೂ ಆ ಷರತ್ತಿನಲ್ಲಿ ಸ್ಪಷ್ಟವಾಗಿ ಸೇರಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಹಾಸನ